ಮಿಲಿಟರಿ ಕನಸಿಗೆ ಮೂರೂವರೆ ಕೆ.ಜಿ. ಅಡ್ಡಿ!

ಮಗಳು ‘ನಾನು ಸೇನಾಧಿಕಾರಿ ಆಗ್ತೀನಿ’ ಅಂದರೆ ಪುಸ್ತಕ ಕೊಡಿಸ್ತೀವಿ, ಕೋಚಿಂಗ್‌ಗೆ ಸೇರಿಸ್ತೀವಿ. ಆದರೆ ಕೊನೆಯ ಬಾಗಿಲಲ್ಲಿ ತೂಕದ ಯಂತ್ರವೊಂದು ಕಾದು ಕೂತಿರುತ್ತೆ ಅನ್ನೋದು ಎಷ್ಟು ಜನ ಅಮ್ಮಂದಿರಿಗೆ ಗೊತ್ತು? ಗೊತ್ತಾದ ಮೇಲೆ ಅಡುಗೆಮನೆಯಲ್ಲಿ ಏನು ಮಾಡಬೇಕು, ಏನು ಮಾಡಲೇಬಾರದು?

ರಾತ್ರಿ ಒಂಬತ್ತೂವರೆ. ಆಗಷ್ಟೇ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಿದ್ದೆ. ಅಕ್ಕನ ಫೋನು.

‘ಪುಟ್ಟಿನ ವಾಪಸ್ ಕಳಿಸಿಬಿಟ್ರು ಕಣೇ...’

‘ಯಾಕೆ, ಇಂಟರ್‌ವ್ಯೂನಲ್ಲಿ ಆಗಲಿಲ್ವಾ?’

‘ಅದೆಲ್ಲ ಪಾಸು. ಮೆಡಿಕಲ್‌ನಲ್ಲಿ ತೂಕ ಜಾಸ್ತಿ ಅಂದ್ರಂತೆ. ಮೂರೂವರೆ ಕೆ.ಜಿ.’

ನನಗೆ ಏನು ಹೇಳಬೇಕೋ ತೋಚಲಿಲ್ಲ. ಈ ಹುಡುಗಿ ಎರಡು ವರ್ಷ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಓದಿದವಳು. ಎನ್‌ಡಿಎ ಲಿಖಿತ ಪರೀಕ್ಷೆ ಅಂದರೆ ಸುಮ್ಮನೆ ಅಲ್ಲ, ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯದ ಪತ್ರಿಕೆಗೆ 600. ಅದಾದ ಮೇಲೆ ಎಸ್‌ಎಸ್‌ಬಿ ಅಂತ ಐದು ದಿನದ ಸಂದರ್ಶನ, ಅದಕ್ಕೆ ಮತ್ತೆ 900 ಅಂಕ. ಅಷ್ಟನ್ನೂ ದಾಟಿ ಬಂದ ಹುಡುಗಿಯನ್ನು ನಿಲ್ಲಿಸಿದ್ದು ಮೂರೂವರೆ ಕೆ.ಜಿ. ನಾವು ವಾರಕ್ಕೊಮ್ಮೆ ಮಾರ್ಕೆಟ್ಟಿನಿಂದ ಹೊತ್ತು ತರುವ ಈರುಳ್ಳಿ ಚೀಲ ಇದಕ್ಕಿಂತ ಭಾರ ಇರುತ್ತೆ ಅಲ್ವಾ?

ಇದು ಆಗಿ ಎರಡು ವರ್ಷವಾಯಿತು. ಆಗ ನಾವು ಮಾಡಿದ ತಪ್ಪು, ಆಮೇಲೆ ಕಲಿತ ಪಾಠ ಎರಡನ್ನೂ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಯಾಕೆಂದರೆ ಈಗ ಈ ಪ್ರಶ್ನೆ ಯಾರ ಮನೆಗೆ ಬೇಕಾದರೂ ಬರಬಹುದು.

ಹುಡುಗಿಯರಿಗೂ ತೆರೆದ ಬಾಗಿಲು

ಪುಣೆ ಹತ್ತಿರದ ಖಡಕ್ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ದಶಕಗಳ ಕಾಲ ಹುಡುಗರಿಗೆ ಮಾತ್ರ ಮೀಸಲಾಗಿತ್ತು. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಹುಡುಗಿಯರೂ ಪ್ರವೇಶ ಪರೀಕ್ಷೆ ಬರೆಯಬಹುದು ಎಂದು ಮಧ್ಯಂತರ ಆದೇಶ ಕೊಟ್ಟಿತು. ಆ ವರ್ಷದ ನವೆಂಬರ್‌ನಲ್ಲೇ ಹುಡುಗಿಯರು ಪರೀಕ್ಷೆಗೆ ಕೂತರು. 2022ರಲ್ಲಿ ಮೊದಲ ತಂಡ ಅಕಾಡೆಮಿ ಸೇರಿತು. 2025ರ ಮೇ 30ರಂದು ಆ ತಂಡದ 17 ಹುಡುಗಿಯರು ಮೂರು ವರ್ಷದ ತರಬೇತಿ ಮುಗಿಸಿ ಹುಡುಗರ ಸಮಸಮಕ್ಕೆ ಹೆಜ್ಜೆ ಹಾಕಿ ಹೊರಬಂದರು. ಟಿವಿಯಲ್ಲಿ ಆ ಪೆರೇಡ್ ನೋಡಿ ಕಣ್ಣು ಒದ್ದೆ ಮಾಡಿಕೊಂಡ ಅಮ್ಮಂದಿರಲ್ಲಿ ನಾನೂ ಒಬ್ಬಳು ಅನ್ನಿ!

ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ನಾಡು ನಮ್ಮದು. ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗೇ ಅಂತ ಸೈನಿಕ ವಸತಿ ಶಾಲೆ ಇದೆ. ವಿಜಯಪುರ, ಕೊಡಗಿನ ಸೈನಿಕ ಶಾಲೆಗಳೂ ಈಗ ಹುಡುಗಿಯರನ್ನು ಸೇರಿಸಿಕೊಳ್ಳುತ್ತವೆ. ಹಾಗಾಗಿ ಪಿಯುಸಿ ಓದುವ ಮಗಳು ‘ಡಾಕ್ಟರ್, ಎಂಜಿನಿಯರ್ ಬೇಡ, ಮಿಲಿಟರಿ’ ಅಂದರೆ ಗಾಬರಿ ಬೀಳಬೇಡಿ. ಅವಳ ಜೊತೆ ಕೂತು ನಿಯಮಗಳನ್ನು ಓದಿ. ನಾವು ಓದದೇ ಕೆಟ್ಟವರು!

ತೂಕದ ಲೆಕ್ಕ ಏನು?

ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಎನ್‌ಡಿಎ ಅಧಿಸೂಚನೆ ಹೊರಡಿಸುತ್ತದೆ. ಅದರ ಕೊನೆಯ ಭಾಗದಲ್ಲಿ ದೈಹಿಕ ಅರ್ಹತೆಯ ವಿವರ ಇರುತ್ತದೆ. ನಮ್ಮ ಪುಟ್ಟಿ ಸಿಲಬಸ್ ಇರುವ ಪುಟವನ್ನು ಅಂಡರ್‌ಲೈನ್ ಮಾಡಿ ಮಾಡಿ ಹರಿದಿದ್ದಳು. ಆ ಹಿಂದಿನ ಪುಟಗಳನ್ನು ಮಾತ್ರ ಯಾರೂ ತೆರೆದು ನೋಡಿರಲಿಲ್ಲ.

ಹುಡುಗಿಯರ ಕನಿಷ್ಠ ಎತ್ತರ ಸಾಮಾನ್ಯವಾಗಿ 152 ಸೆಂ.ಮೀ. ಹದಿನೆಂಟು ತುಂಬದವರಿಗೆ ಇನ್ನೂ ಬೆಳೆಯುವ ವಯಸ್ಸು ಅಂತ 2 ಸೆಂ.ಮೀ. ರಿಯಾಯಿತಿ ಉಂಟು. ವಿಮಾನ ಹಾರಿಸುವ ಶಾಖೆಗೆ ಮಾತ್ರ ಇದಕ್ಕಿಂತ ಹೆಚ್ಚು ಎತ್ತರ ಬೇಕು. ತೂಕಕ್ಕೆ ಎತ್ತರ ಮತ್ತು ವಯಸ್ಸು ಎರಡನ್ನೂ ಸೇರಿಸಿದ ಕೋಷ್ಟಕ ಇದೆ. ಅದರ ಹಿಂದಿರುವುದು ನಾವೆಲ್ಲ ಕೇಳಿರುವ ಬಿಎಂಐ ಲೆಕ್ಕವೇ. ಕೆ.ಜಿ. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ ಅದು. ಕೋಷ್ಟಕದಲ್ಲಿ ಕೆಳಗಿನ ಮಿತಿ 18. ಮೇಲಿನ ಮಿತಿ 17 ವರ್ಷದ ಒಳಗಿನವರಿಗೆ 22, ಹದಿನೇಳು ದಾಟಿ ಇಪ್ಪತ್ತರೊಳಗಿನವರಿಗೆ 23.

ನಿಮಗೆ ಸುಲಭವಾಗಲಿ ಅಂತ 17ರಿಂದ 20 ವರ್ಷದವರ ಲೆಕ್ಕ ಇಲ್ಲಿ ಕೊಟ್ಟಿದ್ದೇನೆ:

* ಎತ್ತರ 152 ಸೆಂ.ಮೀ. ಇದ್ದರೆ ತೂಕ 41.6ರಿಂದ 53.1 ಕೆ.ಜಿ.

* ಎತ್ತರ 160 ಸೆಂ.ಮೀ. ಇದ್ದರೆ 46.1ರಿಂದ 58.9 ಕೆ.ಜಿ.

* ಎತ್ತರ 165 ಸೆಂ.ಮೀ. ಇದ್ದರೆ 49ರಿಂದ 62.6 ಕೆ.ಜಿ.

ಗಮನಿಸಿದ್ರಾ? ಕೆಳಗೂ ಒಂದು ಗೆರೆ ಇದೆ. ‘ನಮ್ಮ ಮಗಳು ಸಣ್ಣಗೆ ಬಳುಕೋ ಬಳ್ಳಿ, ನಮಗೇನು ಚಿಂತೆ’ ಅನ್ನುವವರೂ ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ತೂಕ ಕಡಿಮೆ ಇದ್ದರೂ ಅನರ್ಹರೇ.

ನಮ್ಮ ಪುಟ್ಟಿಗೆ ಆಗ ಹದಿನೇಳೂವರೆ. ಎತ್ತರ 160 ಸೆಂ.ಮೀ. ತೂಕ 62.4 ಬಂತು. ಮಿತಿ 58.9. ಅಲ್ಲಿಗೆ ಮೂರೂವರೆ ಕೆ.ಜಿ. ಹೆಚ್ಚು.

ತೂಕ ಬೇರೆ, ಕೊಬ್ಬು ಬೇರೆ

‘ಹಾಗಾದರೆ ಕುಸ್ತಿ ಆಡೋ ಹುಡುಗಿಯರು, ಭಾರ ಎತ್ತೋ ಹುಡುಗಿಯರ ಗತಿ ಏನು? ಅವರ ತೂಕ ಮಾಂಸಖಂಡದ್ದು ಅಲ್ವಾ?’ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ತಕ್ಕಡಿಗೆ ಕೊಬ್ಬು ಯಾವುದು, ಮಾಂಸಖಂಡ ಯಾವುದು ಅಂತ ಗೊತ್ತಾಗೋದಿಲ್ಲ. ಅದಕ್ಕೇ ನಿಯಮದಲ್ಲಿ ಒಂದು ಕಿಟಕಿ ಬಿಟ್ಟಿದ್ದಾರೆ. ದೇಹದಾರ್ಢ್ಯ, ಕುಸ್ತಿ, ಬಾಕ್ಸಿಂಗ್‌ನಂಥ ಅಭ್ಯಾಸದಿಂದ ತೂಕ ಹೆಚ್ಚಿದೆ ಅನ್ನುವುದಕ್ಕೆ ದಾಖಲೆ ಇದ್ದರೆ ಪರಿಗಣಿಸುತ್ತಾರೆ. ಆದರೆ ಅದಕ್ಕೂ ಷರತ್ತುಗಳಿವೆ. ಬಿಎಂಐ 25ರ ಒಳಗಿರಬೇಕು. ಹುಡುಗಿಯರ ಸೊಂಟದ ಸುತ್ತಳತೆ 80 ಸೆಂ.ಮೀ.ಗಿಂತ ಕಡಿಮೆ ಇರಬೇಕು. ಸೊಂಟದ ಅಳತೆಯನ್ನು ಪೃಷ್ಠದ ಅಳತೆಯಿಂದ ಭಾಗಿಸಿದರೆ 0.8ಕ್ಕಿಂತ ಕಡಿಮೆ ಬರಬೇಕು. ಹುಡುಗರಿಗೆ ಈ ಅಳತೆ 90 ಸೆಂ.ಮೀ. ಮತ್ತು 0.9. ಜೊತೆಗೆ ರಕ್ತ ಪರೀಕ್ಷೆಯ ಫಲಿತಾಂಶಗಳೂ ಸರಿಯಾಗಿರಬೇಕು.

ಮನೆಯಲ್ಲೇ ಅಳೆಯಬಹುದು. ದರ್ಜಿ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವಿನ ಜಾಗದಲ್ಲಿ ಟೇಪು ಸುತ್ತಿ. ಹೊಟ್ಟೆ ಒಳಗೆಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟಾಗ ಅಳತೆ ನೋಡಿ. ಪೃಷ್ಠದ ಅಳತೆಯನ್ನು ಅತಿ ಅಗಲ ಇರುವ ಕಡೆ ತೆಗೆದುಕೊಳ್ಳಿ. ಸೊಂಟ 76, ಪೃಷ್ಠ 98 ಇದ್ದರೆ 0.78 ಬರುತ್ತದೆ, ಪರವಾಗಿಲ್ಲ. ಸೊಂಟ 82, ಪೃಷ್ಠ 96 ಇದ್ದರೆ 0.85, ಹೊಟ್ಟೆಯ ಸುತ್ತ ಕೊಬ್ಬು ಕೂತಿದೆ ಅಂತ ಅರ್ಥ.

ಪುಟ್ಟಿ ಕುಸ್ತಿಯನ್ನೂ ಆಡಿರಲಿಲ್ಲ, ಬಾಕ್ಸಿಂಗನ್ನೂ ಮಾಡಿರಲಿಲ್ಲ. ಎರಡು ವರ್ಷ ಕೂತು ಓದಿದ್ದಷ್ಟೇ. ಸಂಜೆ ಕೋಚಿಂಗ್ ಮುಗಿಸಿ ಬರುವಾಗ ಬೇಕರಿಯಲ್ಲಿ ಒಂದು ಪಫ್ಸು. ರಾತ್ರಿ ಓದುವಾಗ ಪಕ್ಕದಲ್ಲಿ ನಿಪ್ಪಟ್ಟಿನ ಡಬ್ಬ. ‘ಓದೋ ಮಗು, ತಿನ್ನಲಿ ಬಿಡು’ ಅಂತ ಅಜ್ಜಿಯ ವಕಾಲತ್ತು ಬೇರೆ!

42 ದಿನಗಳು

ತೂಕ ಹೆಚ್ಚು ಅಂತ ಬಂದರೆ ಅಲ್ಲಿಗೆ ಎಲ್ಲ ಮುಗಿಯಿತು ಅಂತ ಅಲ್ಲ. ಅದು ‘ತಾತ್ಕಾಲಿಕ ಅನರ್ಹತೆ’. ಮೇಲ್ಮನವಿ ವೈದ್ಯಕೀಯ ಮಂಡಳಿಯ ಮುಂದೆ ಮತ್ತೆ ಹಾಜರಾಗಬಹುದು. ಮೊದಲ ಪರೀಕ್ಷೆ ಆದ 42 ದಿನಗಳೊಳಗೆ ಇದೆಲ್ಲ ಮುಗಿಯಬೇಕು. ಹೇಗೆ ಕೋರಿಕೆ ಸಲ್ಲಿಸಬೇಕು, ಯಾವ ಆಸ್ಪತ್ರೆಗೆ ಹೋಗಬೇಕು ಅನ್ನುವುದನ್ನು ಮಂಡಳಿಯ ಅಧ್ಯಕ್ಷರೇ ತಿಳಿಸುತ್ತಾರೆ. ಅಳುತ್ತಾ ಹೊರಬರುವ ಮಕ್ಕಳು ಅದನ್ನು ಸರಿಯಾಗಿ ಕೇಳಿಸಿಕೊಂಡಿರುವುದಿಲ್ಲ. ಹೋಗುವ ಮುಂಚೆಯೇ ಮಗಳಿಗೆ ಹೇಳಿಡಿ: ‘ಏನೇ ಅಂದರೂ ಮೊದಲು ಬರೆದುಕೊಂಡು ಬಾ, ಆಮೇಲೆ ಅಳೋಣ.’

ಪುಟ್ಟಿಗೆ ಸಿಕ್ಕ ದಿನಾಂಕಕ್ಕೆ ಉಳಿದಿದ್ದು 38 ದಿನ. ಇಲ್ಲಿಂದ ಶುರುವಾಯಿತು ನೋಡಿ ನಮ್ಮ ಅವಾಂತರ.

ನಾನೇ ತಂದುಕೊಟ್ಟ ಪಟ್ಟಿ

ಯಾವುದೋ ಹಳೇ ಪತ್ರಿಕೆಯಿಂದ ಕತ್ತರಿಸಿ ಇಟ್ಟಿದ್ದ ‘ಏಳು ದಿನದಲ್ಲಿ ಐದು ಕೆ.ಜಿ.’ ಪಟ್ಟಿಯೊಂದು ನನ್ನ ಬೀರುವಿನಲ್ಲಿತ್ತು. ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ, ಜೇನುತುಪ್ಪ. ಮಧ್ಯಾಹ್ನ ಎಲೆಕೋಸಿನ ಸೂಪು. ರಾತ್ರಿ ಮತ್ತೆ ಎಲೆಕೋಸಿನ ಸೂಪು. ‘ಇದು ಮಾಡಿಸಕ್ಕ, ಕಷ್ಟ ಆದರೂ ಒಂದೇ ವಾರ’ ಅಂತ ದೊಡ್ಡ ಉಪಕಾರ ಮಾಡುವವಳ ಹಾಗೆ ಕೊಟ್ಟು ಬಂದೆ. ಅಕ್ಕ ಅಕ್ಷರ ತಪ್ಪದೆ ಪಾಲಿಸಿದಳು.

ನಾಲ್ಕು ದಿನಕ್ಕೆ ಎರಡು ಕೆ.ಜಿ. ಇಳಿಯಿತು. ನಮಗೆಲ್ಲ ಸಂಭ್ರಮ. ಹುಡುಗಿ ಮಾತ್ರ ಮಾತು ಕಡಿಮೆ ಮಾಡಿದ್ದಳು. ದಿನಕ್ಕೆ ನಾಲ್ಕು ಸಲ ತೂಕದ ಯಂತ್ರ ಹತ್ತುತ್ತಿದ್ದಳು. ನೀರು ಕುಡಿದರೂ ತೂಕ ಏರುತ್ತೆ ಅಂತ ನೀರನ್ನೂ ಬಿಟ್ಟಿದ್ದಳು ಅಂತ ಆಮೇಲೆ ಗೊತ್ತಾಯಿತು. ಐದನೇ ದಿನ ಬೆಳಿಗ್ಗೆ ಸ್ನಾನದ ಮನೆಯಲ್ಲಿ ದಡ್ ಅಂತ ಸದ್ದಾಯಿತು. ಅಕ್ಕ ಬಾಗಿಲು ಬಡಿದರೆ ಉತ್ತರವಿಲ್ಲ. ಭಾವ ಚಿಲಕ ಮುರಿದು ಒಳಗೆ ಹೋಗಬೇಕಾಯಿತು. ಹಣೆಗೆ ಮೂರು ಹೊಲಿಗೆ ಬಿತ್ತು.

ನಾನು ಓಡಿಹೋದಾಗ ಅವಳು ಮಂಚದ ಮೇಲೆ ಮಲಗಿದ್ದಳು. ‘ಚಿಕ್ಕಮ್ಮ, ಎರಡು ದಿನ ಇನ್ನೂ ಇತ್ತು ಪಟ್ಟಿ. ಪೂರ್ತಿ ಮಾಡಲಿಲ್ಲ ಅಂತ ಬೈಬೇಡಿ’ ಅಂದಳು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ.

ಡಾಕ್ಟರು ಬೈದ ಬೈಗುಳ

ಬಡಾವಣೆಯ ಲೇಡಿ ಡಾಕ್ಟರು ಪುಟ್ಟಿಯನ್ನು ಹುಟ್ಟಿದಾಗಿನಿಂದ ಬಲ್ಲವರು. ಅವರು ಬೈದದ್ದು ಅವಳಿಗಲ್ಲ, ನಮಗೆ.

‘ನಾಲ್ಕು ದಿನದಲ್ಲಿ ಹೋಗಿದ್ದು ಕೊಬ್ಬು ಅಂದ್ಕೊಂಡ್ರಾ? ಬಹುಪಾಲು ನೀರು. ಇನ್ನೂ ಎಳೆದಿದ್ದರೆ ಮಾಂಸಖಂಡ ಕರಗ್ತಿತ್ತು. ಸೈನ್ಯಕ್ಕೆ ಬೇಕಾಗಿರೋದೇ ಅದು. ಅದನ್ನೇ ಕಳಕೊಂಡು ಹೋಗಿ ಅಲ್ಲಿ ಏನು ಮಾಡ್ತಾಳೆ?’

ಹೇಳಿದ್ದು ನಿಜವೇ ಆಯಿತು. ಎರಡು ದಿನ ಸರಿಯಾಗಿ ಊಟ ಮಾಡಿದ ಮೇಲೆ ಎರಡು ಕೆ.ಜಿ.ಯಲ್ಲಿ ಒಂದೂವರೆ ವಾಪಸು ಬಂತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿತ್ತು. ಹೆಣ್ಣುಮಕ್ಕಳಲ್ಲಿ 12ಕ್ಕಿಂತ ಕಡಿಮೆ ಅಂದರೆ ರಕ್ತಹೀನತೆ. ಸೇನೆಯ ವೈದ್ಯಕೀಯ ಪರೀಕ್ಷೆಯಲ್ಲಿ ತೂಕ ಒಂದನ್ನೇ ನೋಡುವುದಿಲ್ಲ. ರಕ್ತ, ಮೂತ್ರ, ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನಿಂಗ್ ಎಲ್ಲ ಇರುತ್ತದೆ. ತೂಕ ಇಳಿಸುವ ಭರದಲ್ಲಿ ರಕ್ತ ಕಳೆದುಕೊಂಡರೆ ಅತ್ತ ದರಿ ಇತ್ತ ಪುಲಿ.

ಡಾಕ್ಟರು ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದರು, ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತಲೂ ವಿಚಾರಿಸಿದರು. ಅದು ಬಹಳ ಮುಖ್ಯ. ಮುಟ್ಟು ತಿಂಗಳುಗಟ್ಟಲೆ ಮುಂದೆ ಹೋಗುತ್ತಿದ್ದು, ಹೊಟ್ಟೆಯ ಸುತ್ತ ತೂಕ ಏರುತ್ತಿದ್ದರೆ ಪಿಸಿಓಡಿ ಇರಬಹುದು. ಆಗ ಬರೀ ಊಟ ಕಡಿಮೆ ಮಾಡಿ ಕೂತರೆ ಪ್ರಯೋಜನವಿಲ್ಲ, ಚಿಕಿತ್ಸೆ ಬೇಕು. ತೂಕ ಇಳಿಸುವಾಗ ಮುಟ್ಟು ನಿಂತುಹೋದರೂ ಅಷ್ಟೇ, ಸುಮ್ಮನಿರಬೇಡಿ. ಮೈ ‘ನನ್ನ ಕೈಲಾಗ್ತಿಲ್ಲ’ ಅಂತ ಕೂಗಿ ಹೇಳೋ ರೀತಿ ಅದು.

ಉಳಿದಿದ್ದು 31 ದಿನ. ಪುಟ್ಟಿಯ ತೂಕ 61.9. ಇಳಿಯಬೇಕಾದದ್ದು ಮೂರು ಕೆ.ಜಿ. ವಾರಕ್ಕೆ ಅರ್ಧದಿಂದ ಮುಕ್ಕಾಲು ಕೆ.ಜಿ. ‘ಆಗುತ್ತೆ. ಆದರೆ ಹುಡುಗಿ ಹೊಟ್ಟೆ ತುಂಬಾ ತಿಂದೇ ಇಳೀಬೇಕು’ ಅಂದರು ಡಾಕ್ಟರು.

ಎಣ್ಣೆ ಕ್ಯಾನ್ ಹೇಳಿದ ಸತ್ಯ

ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾದರೆ ವಾರಕ್ಕೆ ಅರ್ಧ ಕೆ.ಜಿ.ಯಷ್ಟು ಇಳಿಯುತ್ತದೆ. ಈ 500 ಎಲ್ಲಿಂದ ತೆಗೆಯುವುದು? ಮಗಳ ತಟ್ಟೆಯಿಂದ ಮುದ್ದೆ ಕಿತ್ತುಕೊಂಡಲ್ಲ. ಅಕ್ಕ, ನಾನು ಇಬ್ಬರೂ ಅಡುಗೆಮನೆಯಲ್ಲಿ ಕೂತು ಲೆಕ್ಕ ಹಾಕಿದೆವು.

ನಾಲ್ಕು ಜನರ ಮನೆ. ತಿಂಗಳಿಗೆ ಐದು ಲೀಟರ್ ಎಣ್ಣೆಯ ಕ್ಯಾನ್ ಖಾಲಿಯಾಗುತ್ತಿತ್ತು. ಅಂದರೆ ತಲೆಗೆ ದಿನಕ್ಕೆ 40 ಮಿ.ಲೀ.ಗೂ ಮೇಲೆ! ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಅದನ್ನು ಮೂರು ಲೀಟರಿಗೆ ಇಳಿಸಿದರೆ ಪ್ರತಿಯೊಬ್ಬರಿಗೂ ದಿನಕ್ಕೆ 130 ಕ್ಯಾಲೊರಿಯಷ್ಟು ಕಡಿಮೆ. ಪುಟ್ಟಿ ದಿನಕ್ಕೆ ಮೂರು ಲೋಟ ಕಾಫಿ ಕುಡೀತಿದ್ದಳು, ಪ್ರತಿ ಲೋಟಕ್ಕೂ ಎರಡು ಚಮಚ ಸಕ್ಕರೆ. ಅದನ್ನು ಅರ್ಧ ಚಮಚಕ್ಕೆ ಇಳಿಸಿದರೆ ಇನ್ನು 90. ಸಂಜೆಯ ಪಫ್ಸು ಬಿಟ್ಟರೆ 200ರ ಮೇಲೆಯೇ. ರಾತ್ರಿಯ ನಿಪ್ಪಟ್ಟಿನ ಡಬ್ಬ ಅಟ್ಟ ಸೇರಿದರೆ ಉಳಿದದ್ದೂ ಸರಿಹೋಯಿತು. ನೋಡಿ, ಊಟಕ್ಕೆ ಕೈ ಹಚ್ಚಲೇ ಇಲ್ಲ. 500 ಸಿಕ್ಕೇಬಿಟ್ಟಿತು!

ಎಣ್ಣೆಯನ್ನು ಕ್ಯಾನಿನಿಂದ ಸೀದಾ ಬಾಂಡಲಿಗೆ ಸುರಿಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ದಿನದ ಎಣ್ಣೆಯನ್ನು ಬೆಳಿಗ್ಗೆ ಒಂದು ಚಿಕ್ಕ ಬಟ್ಟಲಿಗೆ ಅಳೆದಿಡಿ. ಒಗ್ಗರಣೆ, ದೋಸೆ, ಪಲ್ಯ ಎಲ್ಲ ಅದರಲ್ಲೇ ಮುಗಿಯಬೇಕು. ಮೊದಲ ವಾರ ಸಂಜೆಗೇ ಬಟ್ಟಲು ಖಾಲಿ. ಎರಡನೇ ವಾರದಿಂದ ಕೈಗೆ ತಾನೇ ಲೆಕ್ಕ ಸಿಗುತ್ತೆ.

ತಟ್ಟೆಯಲ್ಲಿ ಏನಿತ್ತು?

ಬೆಳಿಗ್ಗೆ ಓಡುವ ಮುಂಚೆ ಒಂದು ಬಾಳೆಹಣ್ಣು. ತಿಂಡಿಗೆ ಎರಡು ಇಡ್ಲಿ, ಬಟ್ಟಲು ತುಂಬಾ ತರಕಾರಿ ಸಾಂಬಾರು, ಒಂದು ಬೇಯಿಸಿದ ಮೊಟ್ಟೆ. ಉಪ್ಪಿಟ್ಟಾದರೆ ರವೆಯಷ್ಟೇ ತರಕಾರಿ. ಮೊಟ್ಟೆ ತಿನ್ನದವರು ಹೆಸರುಕಾಳಿನ ಉಸಲಿ ಮಾಡಿಕೊಳ್ಳಿ.

ಮಧ್ಯಾಹ್ನ ಒಂದು ಮುದ್ದೆ, ಸೊಪ್ಪು-ಕಾಳಿನ ಬಸ್ಸಾರು, ಅದರದೇ ಪಲ್ಯ, ಮೇಲೆ ಒಂದು ಸೌಟು ಅನ್ನಕ್ಕೆ ಮಜ್ಜಿಗೆ. ರಾಗಿಯಲ್ಲಿ ಸುಣ್ಣದಂಶ ಹೇರಳ, 100 ಗ್ರಾಂಗೆ ಸುಮಾರು 350 ಮಿ.ಗ್ರಾಂ. ಓಡುವ, ಜಿಗಿಯುವ ಹುಡುಗಿಯ ಮೂಳೆಗೆ ಅದು ಬೇಕೇ ಬೇಕು. ಕಬ್ಬಿಣದಂಶಕ್ಕೆ ಸೊಪ್ಪು, ಹುರುಳಿಕಾಳು. ಊಟಕ್ಕೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಹಿಡಿಯುವುದಿಲ್ಲ, ಒಂದು ಗಂಟೆಯಾದರೂ ಬಿಟ್ಟು ಕುಡಿಯಿರಿ. ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯೂ ಇತ್ತು.

ಸಂಜೆ ಒಂದು ಹಿಡಿ ಹುರಿಗಡಲೆ, ಒಂದು ಸೀಬೆಹಣ್ಣು. ರಾತ್ರಿ ಎಂಟರೊಳಗೆ ಎರಡು ಚಪಾತಿ, ದಾಲ್, ಕೋಸಂಬರಿ. ವಾರಕ್ಕೊಂದು ದಿನ ಮೀನು ಅಥವಾ ಚಿಕನ್ ಸಾರು, ಫ್ರೈ ಅಲ್ಲ. ನೀರು ಮಾತ್ರ ಬಾಯಾರಿದಷ್ಟೂ.

ಭಾನುವಾರ ಅಕ್ಕ ಒಂದು ಸಣ್ಣ ಬಟ್ಟಲು ಪಾಯಸ ಕೊಡುತ್ತಿದ್ದಳು. ‘ಇದೂ ಬೇಡ’ ಅಂದಳು ಪುಟ್ಟಿ. ‘ಕುಡಿ. ಒಂದು ಬಟ್ಟಲು ಪಾಯಸಕ್ಕೆ ಹೆದರೋಳು ಗಡಿ ಕಾಯ್ತೀಯಾ?’ ಅಂದರು ಭಾವ. ಬಿದ್ದ ದಿನದಿಂದ ನಗದೇ ಇದ್ದವಳು ಅವತ್ತು ನಕ್ಕಳು.

ಓಟ, ಹಗ್ಗ, ಮೆಟ್ಟಿಲು

ಅಧಿಸೂಚನೆಯಲ್ಲೇ ಸಂದರ್ಶನಕ್ಕೆ ಬರುವವರು ಮಾಡಬೇಕಾದ ಅಭ್ಯಾಸದ ಪಟ್ಟಿ ಇದೆ: 2.4 ಕಿ.ಮೀ. ಓಟ, ಸ್ಕಿಪ್ಪಿಂಗ್, ಪುಷ್‌ಅಪ್, ಸಿಟ್‌ಅಪ್, ಚಿನ್‌ಅಪ್, ಹಗ್ಗ ಹತ್ತುವುದು. ಇದನ್ನು ಕರೆ ಬಂದ ಮೇಲೆ ಅಲ್ಲ, ಅರ್ಜಿ ಹಾಕಿದ ದಿನವೇ ಶುರು ಮಾಡಬೇಕು.

ಹೊಲಿಗೆ ಬಿಚ್ಚಿದ ಮೇಲೆ, ಡಾಕ್ಟರು ಸರಿ ಅಂದ ಮೇಲೆ, ಪುಟ್ಟಿ ಪಾರ್ಕಿನಲ್ಲಿ ಮೊದಲು ಬಿರುಸಾಗಿ ನಡೆದಳು, ಆಮೇಲೆ ನಿಧಾನಕ್ಕೆ ಓಡಿದಳು. ಒಂಟಿಯಾಗಿ ಕಳಿಸೋದು ಬೇಡ ಅಂತ ಅಕ್ಕನೂ ಜೊತೆಗೆ ಹೋದಳು. ಸೀರೆ ಉಟ್ಟು ನಡೆಯೋಕಾಗಲ್ಲ ಅಂತ ನಲವತ್ತೆರಡನೇ ವಯಸ್ಸಿಗೆ ಮೊದಲ ಸಲ ಕ್ಯಾನ್ವಾಸ್ ಶೂ, ಚೂಡಿದಾರ್ ಹಾಕಿಕೊಂಡಳು. ಮನೆಯಲ್ಲಿ ದಿನ ಬಿಟ್ಟು ದಿನ ಪುಷ್‌ಅಪ್, ಬಸ್ಕಿ. ಹೀಗೆ ಮಾಂಸಖಂಡಕ್ಕೆ ಕೆಲಸ ಕೊಟ್ಟರೆ ಇಳಿಯುವ ತೂಕ ಕೊಬ್ಬಿನಿಂದಲೇ ಹೆಚ್ಚು ಇಳಿಯುತ್ತದೆ. ವಾರದಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ. ರಾತ್ರಿ ಎಂಟು ಗಂಟೆ ನಿದ್ದೆ. ನಾಲ್ಕೂವರೆಗೆ ಏಳುವ ಅಲಾರಾಂ ಬಂದ್!

ತೂಕದ ಯಂತ್ರವನ್ನು ಅಕ್ಕ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಭಾನುವಾರ ಬೆಳಿಗ್ಗೆ ಒಂದೇ ಸಲ ಹೊರಗೆ ತೆಗೆಯೋದು. ದಿನಾ ತೂಕ ನೋಡಿದರೆ ನೀರು, ಉಪ್ಪು, ಮುಟ್ಟಿನ ದಿನ ಇದೆಲ್ಲದರ ಏರಿಳಿತವೇ ಕಾಣುತ್ತೆ. ಹುಡುಗಿಯ ಮನಸ್ಸೂ ಅದರ ಜೊತೆ ಏರಿ ಇಳಿಯುತ್ತೆ.

ಇವನ್ನು ಮಾತ್ರ ಮಾಡಬೇಡಿ

* ಕೊಬ್ಬು ಕರಗಿಸುವ ಮಾತ್ರೆ, ಪುಡಿ, ‘ಗ್ಯಾರಂಟಿ’ ಕಷಾಯಗಳ ಹತ್ತಿರವೂ ಸುಳಿಯಬೇಡಿ.

* ಪರೀಕ್ಷೆಯ ಹಿಂದಿನ ದಿನ ನೀರು ಬಿಡಿಸುವುದು, ಬೇಧಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಕೊಡುವುದು ಅಪಾಯ. ತಲೆಸುತ್ತಿ ಬಿದ್ದರೆ ಜೀವಕ್ಕೇ ಕುತ್ತು.

* ಉಪವಾಸ ಬೇಡ. 16ರಿಂದ 19ರ ವಯಸ್ಸಿನಲ್ಲಿ ಮೂಳೆ ಇನ್ನೂ ಗಟ್ಟಿಯಾಗುತ್ತಿರುತ್ತದೆ.

* ‘ದಪ್ಪಿ’, ‘ಡುಮ್ಮಿ’ ಅಂತ ಪ್ರೀತಿಯಿಂದಲೂ ಕರೆಯಬೇಡಿ. ಊಟ ಮುಚ್ಚಿಡುವುದು, ತಿಂದು ವಾಂತಿ ಮಾಡುವುದು ಕಂಡರೆ ಗದರಬೇಡಿ, ತಡ ಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ.

* ಮಗಳಿಗೊಂದು ಅಡುಗೆ, ಮಿಕ್ಕವರಿಗೊಂದು ಅಡುಗೆ ಮಾಡಬೇಡಿ. ಅಣ್ಣನ ತಟ್ಟೆಯಲ್ಲಿ ಪೂರಿ, ತಂಗಿಯ ತಟ್ಟೆಯಲ್ಲಿ ಸೌತೆಕಾಯಿ ಇದ್ದರೆ ಅದು ಪಥ್ಯವಲ್ಲ, ಶಿಕ್ಷೆ.

* ನಿಯಮಗಳು ಬದಲಾಗುತ್ತಿರುತ್ತವೆ. ನಿಮ್ಮ ಮಗಳು ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನೇ ಓದಿ.

ಕೊನೆಗೆ ಏನಾಯ್ತು ಅಂತೀರಾ?

ಮೇಲ್ಮನವಿ ಮಂಡಳಿಯ ಮುಂದೆ ಪುಟ್ಟಿಯ ತೂಕ 58.6. ಮಿತಿಗಿಂತ 300 ಗ್ರಾಂ ಕಡಿಮೆ! ‘ಅರ್ಹ’ ಅಂತ ಬರೆದುಕೊಟ್ಟರು. ಅವತ್ತು ಅಕ್ಕ ಫೋನಿನಲ್ಲಿ ಅತ್ತ ಅಳುವೇ ಬೇರೆ.

ಆದರೆ ಇದು ಸಿನಿಮಾ ಅಲ್ಲವಲ್ಲ. ಅಂತಿಮ ಅರ್ಹತಾ ಪಟ್ಟಿ ಬಂದಾಗ ಅವಳ ಹೆಸರು ಇರಲಿಲ್ಲ. ಹುಡುಗಿಯರಿಗಿರುವ ಸೀಟುಗಳು ಬೆರಳೆಣಿಕೆಯಷ್ಟು, ಅಂಕಗಳ ಪೈಪೋಟಿ ಅಷ್ಟು. ನಾವೆಲ್ಲ ಅವಳ ಮುಖ ನೋಡಲು ಹೆದರಿಕೊಂಡು ಕೂತಿದ್ದೆವು. ಅವಳೇ ಬಂದು ಹೇಳಿದಳು: ‘ಅಂಕ ಕಡಿಮೆ ಬಂತು, ಪರವಾಗಿಲ್ಲ ಚಿಕ್ಕಮ್ಮ. ಅಂಕಕ್ಕೆ ಇನ್ನೊಂದು ಸಲ ಓದಬಹುದು. ಮೂರೂವರೆ ಕೆ.ಜಿ.ಯಿಂದ ಹೋಯ್ತು ಅಂತ ಆಗಿದ್ದರೆ ಜೀವನಪೂರ್ತಿ ಕೊರೀತಿತ್ತು.’

ಈಗ ಡಿಗ್ರಿ ಓದುತ್ತಿದ್ದಾಳೆ, ಜೊತೆಗೆ ಎನ್‌ಸಿಸಿ. ಪದವಿ ಮುಗಿದ ಮೇಲೆ ಸಿಡಿಎಸ್ ಪರೀಕ್ಷೆ ಬರೆದು ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಹೋಗುವ ಹಂಬಲ. ವಾಯುಪಡೆಗೆ ಎಎಫ್‌ಕ್ಯಾಟ್ ಅನ್ನುವ ದಾರಿಯೂ ಇದೆ. ಹಣೆಯ ಮೇಲೆ ಮೂರು ಹೊಲಿಗೆಯ ಗುರುತು ಉಳಿದಿದೆ. ಅದನ್ನು ಕಂಡಾಗಲೆಲ್ಲ ನಾನು ಕಣ್ಣು ತಪ್ಪಿಸುತ್ತೇನೆ.

ಆ ‘ಏಳು ದಿನದಲ್ಲಿ ಐದು ಕೆ.ಜಿ.’ ಪಟ್ಟಿಯನ್ನು ಅವತ್ತೇ ಒಲೆಗೆ ಹಾಕಿದೆ. ನಿಮ್ಮ ಬೀರುವಿನಲ್ಲೂ ಅಂಥದ್ದೊಂದು ಇದ್ದರೆ ದಯವಿಟ್ಟು ಹರಿದುಹಾಕಿ. ಅದರ ಜಾಗದಲ್ಲಿ ಒಂದು ದರ್ಜಿ ಟೇಪು ಇಡಿ. ಮಗಳ ಸೊಂಟ ಅಳೆದ ಮೇಲೆ ನಿಮ್ಮದೂ ಒಮ್ಮೆ ಅಳೆದುಕೊಳ್ಳಿ. 80 ಸೆಂ.ಮೀ., ಅಂದರೆ ಮೂವತ್ತೊಂದೂವರೆ ಇಂಚು, ನಮ್ಮ ದೇಶದ ಹೆಂಗಸರಿಗೆ ವೈದ್ಯರು ಹಾಕಿರುವ ಗೆರೆಯೂ ಅದೇ. ಅದನ್ನು ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳ ಸಾಧ್ಯತೆ ಹೆಚ್ಚು. ನಮಗೆ ಯಾವ ಮಂಡಳಿಯೂ 42 ದಿನದ ಗಡುವು ಕೊಡುವುದಿಲ್ಲ. ನಾವೇ ಕೊಟ್ಟುಕೊಳ್ಳಬೇಕು.

ಅಂದ ಹಾಗೆ, ಅಕ್ಕ ಇನ್ನೂ ದಿನಾ ಪಾರ್ಕಿಗೆ ಹೋಗುತ್ತಿದ್ದಾಳೆ. ಎಣ್ಣೆ ಕ್ಯಾನ್ ಈಗ ಒಂದೂವರೆ ತಿಂಗಳು ಬರುತ್ತಂತೆ!